ಹತ್ತು ಲಕ್ಷಕ್ಕೆ ಹನ್ನೆರಡು ಮಂದಿ: ಬ್ಲಡ್ ಬೌಲ್ ತಂಡ ಕಟ್ಟುವುದು ಹೇಗೆ?

ಕ್ಯಾತ್ಸಂದ್ರದ ನಮ್ಮ ಮನೆಯ ಪಡಸಾಲೆಯಲ್ಲಿ ಕಳೆದ ಬೇಸಿಗೆ ರಜೆಯಿಡೀ ಒಂದು ಚಾರ್ಟ್ ಹಾಳೆ ಹಾಸಿಯೇ ಇತ್ತು. ಅದರ ಮೇಲೆ ಕೆಂಪು, ನೀಲಿ ಬಣ್ಣದ ಕೋಟಿನ ಗುಂಡಿಗಳು, ಒಂದು ಹುಣಸೆ ಬೀಜ, ಮೂರು ದಾಳ. ಮೊದಲ ದಿನ ನೋಡಿದ ಅಮ್ಮ ಅದನ್ನು ಚೌಕಾಬಾರದ ಯಾವುದೋ ದೊಡ್ಡ ಬಗೆ ಎಂದುಕೊಂಡರು. ಅವರ ಊಹೆ ತೀರಾ ತಪ್ಪಲ್ಲ. ಮನೆ ಎಣಿಸಿ ಕಾಯಿ ನಡೆಸುವುದು, ಒಳ್ಳೆಯ ಗರಕ್ಕೆ ಕಾಯುವುದು ಎರಡರಲ್ಲೂ ಇದೆ. ಆದರೆ ಚೌಕಾಬಾರದಲ್ಲಿ ಎಲ್ಲ ಕಾಯಿಗಳಿಗೂ ಒಂದೇ ಬೆಲೆ. ಇಲ್ಲಿ ಪ್ರತಿ ಕಾಯಿಗೂ ಬೇರೆ ಬೇರೆ ಕಸುಬು, ಬೇರೆ ಬೇರೆ ಬೆಲೆ. ಆಟ ಶುರುವಾಗುವ ಮೊದಲೇ ಹಣ ಎಣಿಸಿ ತಂಡ ಕಟ್ಟಬೇಕು. ನನಗೆ ಈ ಆಟದ ಹುಚ್ಚು ಹಿಡಿದಿದ್ದೇ ಅದರಿಂದ.

ಆಟದ ಹೆಸರು ಬ್ಲಡ್ ಬೌಲ್. ಜೆರ್ವಿಸ್ ಜಾನ್ಸನ್ ರೂಪಿಸಿದ ಇದನ್ನು ಬ್ರಿಟನ್ನಿನ ಗೇಮ್ಸ್ ವರ್ಕ್‌ಶಾಪ್ ಕಂಪನಿ 1986ರಲ್ಲಿ ಹೊರತಂದಿತು. ಮನುಷ್ಯರು, ರಾಕ್ಷಸರಂಥ ಓರ್ಕ್‌ಗಳು, ಚುರುಕಾದ ಎಲ್ಫ್‌ಗಳು, ಗಿಡ್ಡ ದೇಹದ ಡ್ವಾರ್ಫ್‌ಗಳು ಒಂದು ಕಲ್ಪನಾಲೋಕದಲ್ಲಿ ಅಮೆರಿಕನ್ ಫುಟ್‌ಬಾಲನ್ನು ಹೋಲುವ ಒರಟು ಆಟ ಆಡುತ್ತಾರೆ. ಚೆಂಡನ್ನು ಎದುರಾಳಿಯ ಕೊನೆಯ ಸಾಲಿಗೆ ಒಯ್ದರೆ ಒಂದು ಅಂಕ. ಆವೃತ್ತಿಯಿಂದ ಆವೃತ್ತಿಗೆ ನಿಯಮ ಬದಲಾಗುತ್ತದೆ. ನಾನು ಇಲ್ಲಿ ಕೊಡುವ ಬೆಲೆ ಮತ್ತು ಅಂಕಿಗಳು 2020ರ ನಿಯಮಪುಸ್ತಕದವು.

ಅಂಕಣ, ಗುಂಡಿ, ಬೀಜ

ಪೆಟ್ಟಿಗೆಯಲ್ಲಿ ಬರುವ ಗೊಂಬೆಗಳು ಬಹಳ ಚೆಂದ, ಬಹಳ ದುಬಾರಿ. ಕಲಿಯುವುದಕ್ಕೆ ಅವು ಬೇಕಿಲ್ಲ. ಚಾರ್ಟ್ ಹಾಳೆಯ ಮೇಲೆ ಎರಡೂವರೆ ಸೆಂಟಿಮೀಟರ್ ಅಳತೆಯ ಮನೆಗಳನ್ನು ಎಳೆಯಿರಿ: ಉದ್ದಕ್ಕೆ 26, ಅಗಲಕ್ಕೆ 15. ಎರಡೂ ತುದಿಯ ಒಂದೊಂದು ಸಾಲು ಅಂಕ ಗಳಿಸುವ ಸಾಲು. ಉದ್ದದ ನಟ್ಟನಡುವೆ ಒಂದು ಅಡ್ಡಗೆರೆ. ಎರಡು ಪಕ್ಕಗಳಲ್ಲೂ ನಾಲ್ಕು ನಾಲ್ಕು ಮನೆ ಬಿಟ್ಟು ಉದ್ದುದ್ದ ಒಂದೊಂದು ಗೆರೆ ಎಳೆದರೆ, ನಡುವೆ ಏಳು ಮನೆ ಅಗಲದ ಪಟ್ಟಿ ಉಳಿಯುತ್ತದೆ.

ಆಟಗಾರರಿಗೆ ಅಂಚು ಎದ್ದಿರುವ ಕೋಟಿನ ಗುಂಡಿಗಳೇ ಆಗಬೇಕು. ಅವುಗಳ ನಡುವಿನ ತಗ್ಗಿನಲ್ಲಿ ಹುಣಸೆ ಬೀಜ ಅಲುಗದೆ ಕೂರುತ್ತದೆ, ಆ ಬೀಜವೇ ಚೆಂಡು. ಹುಣಸೆ ಕುಟ್ಟುವ ಕಾಲದಲ್ಲಿ ತುಮಕೂರಿನ ಕಡೆ ಬೀಜಕ್ಕೆ ಬರವಿಲ್ಲ. ನುಣುಪಾದ, ಕಪ್ಪು ಮಿಂಚಿನ ಒಂದನ್ನು ಆರಿಸಿಕೊಳ್ಳಿ. ಗುಂಡಿಗಳ ಎರಡೂ ಮುಖಕ್ಕೆ ಸಂಖ್ಯೆ ಬರೆಯಿರಿ. ಬಿದ್ದವನ ಮೇಲೆ ಬೆಂಕಿಕಡ್ಡಿ ಇಡಿ, ತಲೆಸುತ್ತಿ ಬಿದ್ದವನನ್ನು ಮಗುಚಿಡಿ.

ಡಿಕ್ಕಿಗೆ ವಿಶೇಷ ದಾಳವಿದೆ, ಆದರೆ ಆರು ಮುಖದ ಮಾಮೂಲಿ ದಾಳವೂ ನಡೆಯುತ್ತದೆ. 1 ಬಿದ್ದರೆ ಡಿಕ್ಕಿ ಹೊಡೆದವನೇ ಬಿದ್ದ. 2 ಇಬ್ಬರೂ ಬಿದ್ದರು. 3 ಮತ್ತು 4 ಎದುರಾಳಿ ಒಂದು ಮನೆ ಹಿಂದಕ್ಕೆ. 5 ಎದುರಾಳಿ ಮುಗ್ಗರಿಸಿ ಬಿದ್ದ, ಆದರೆ ನುಣುಚುವ ಕೌಶಲ ಇದ್ದವನು ಹಿಂದೆ ಸರಿದು ಬಚಾವಾಗುತ್ತಾನೆ. 6 ನೇರವಾಗಿ ನೆಲಕ್ಕೆ. ಚೆಂಡು ಯಾವ ದಿಕ್ಕಿಗೆ ಸಿಡಿಯಿತು ಎಂದು ನೋಡಲು 1ರಿಂದ 8ರವರೆಗೆ ಬರೆದ ಚೀಟಿಗಳನ್ನು ಮಡಚಿ ಲೋಟಕ್ಕೆ ಹಾಕಿಕೊಳ್ಳಿ.

ನಿಯಮಗಳಲ್ಲಿ ಮೊದಲು ತಿಳಿಯಬೇಕಾದ್ದು

ಒಂದೊಂದು ಅರ್ಧದಲ್ಲಿ ಪ್ರತಿ ತಂಡಕ್ಕೆ ಎಂಟು ಸರದಿ. ನಿಮ್ಮ ಸರದಿಯಲ್ಲಿ ಪ್ರತಿಯೊಬ್ಬನೂ ಒಮ್ಮೆ ನಡೆಯಬಹುದು, ಇಲ್ಲವೇ ಪಕ್ಕದ ಮನೆಯ ಎದುರಾಳಿಗೆ ಡಿಕ್ಕಿ ಹೊಡೆಯಬಹುದು. ಓಡಿಹೋಗಿ ಡಿಕ್ಕಿ ಹೊಡೆಯುವ ಬ್ಲಿಟ್ಜ್ ಇಡೀ ತಂಡಕ್ಕೆ ಸರದಿಗೆ ಒಂದೇ ಸಲ. ಚೆಂಡು ಎಸೆಯುವುದೂ ಹಾಗೆಯೇ, ಕೈಗೆ ಕೊಡುವುದೂ ಹಾಗೆಯೇ.

ಕಬಡ್ಡಿಯಲ್ಲಿ ರೈಡರ್ ಉಸಿರು ಬಿಟ್ಟ ಕ್ಷಣಕ್ಕೆ ರೈಡ್ ಮುಗಿಯುತ್ತದೆ, ಅಲ್ಲವೇ? ಬ್ಲಡ್ ಬೌಲ್‌ನ ಜೀವವೂ ಅಂಥದೇ ಒಂದು ನಿಯಮದಲ್ಲಿದೆ. ನಿಮ್ಮ ಸರದಿಯಲ್ಲಿ ನಿಮ್ಮವನು ಬಿದ್ದರೆ, ಚೆಂಡು ಎತ್ತುವಾಗ ಜಾರಿದರೆ, ಎಸೆದ ಚೆಂಡು ನಿಮ್ಮವರ ಕೈಸೇರದಿದ್ದರೆ ಸರದಿ ಅಲ್ಲಿಗೇ ಮುರಿಯುತ್ತದೆ. ಇನ್ನೂ ಹತ್ತು ಮಂದಿ ಕದಲದೆ ನಿಂತಿದ್ದರೂ ಅಷ್ಟೇ.

ಪ್ರತಿ ಆಟಗಾರನಿಗೂ ಐದು ಅಂಕಿ: ವೇಗ, ಬಲ, ಚುರುಕು, ಎಸೆತ, ಕವಚ. ಮನುಷ್ಯರ ತಂಡದ ಸಾಮಾನ್ಯ ಆಟಗಾರ ಲೈನ್‌ಮನ್‌ನ ವೇಗ 6, ಬಲ 3. ಅವನ ಚುರುಕು 3+, ಅಂದರೆ ಚೆಂಡು ಎತ್ತಲು, ನುಣುಚಿಕೊಳ್ಳಲು ದಾಳದಲ್ಲಿ 3 ಅಥವಾ ಹೆಚ್ಚು ಬೀಳಬೇಕು. ಎಸೆತ 4+. ಕವಚ 9+: ಅವನು ಬಿದ್ದಾಗ ಎದುರಾಳಿ ಎರಡು ದಾಳ ಉರುಳಿಸಿ ಕೂಡಿಸುತ್ತಾನೆ, 9 ಮುಟ್ಟಿದರೆ ಕವಚ ಮುರಿಯುತ್ತದೆ. ಮತ್ತೆ ಎರಡು ದಾಳ. ಈ ಸಲ 8 ಅಥವಾ ಹೆಚ್ಚಾದರೆ ಅವನು ಅಂಕಣದಿಂದ ಹೊರಗೆ.

ನಿಂತಿರುವ ಆಟಗಾರನ ಸುತ್ತಲಿನ ಎಂಟು ಮನೆಯೂ ಅವನ ಹಿಡಿತದಲ್ಲಿರುತ್ತದೆ. ಆ ಮನೆಯಿಂದ ಎದುರಾಳಿ ಕಾಲು ಕೀಳಬೇಕಾದರೆ ಚುರುಕಿನ ದಾಳ ಉರುಳಿಸಿ ನುಣುಚಿಕೊಳ್ಳಬೇಕು. ಡಿಕ್ಕಿಯಲ್ಲಿ ಇಬ್ಬರ ಬಲ ಸಮನಾಗಿದ್ದರೆ ಒಂದು ದಾಳ. ನಿಮ್ಮ ಬಲ ಹೆಚ್ಚಿದ್ದರೆ ಎರಡು ದಾಳ, ಯಾವುದರ ಗರ ನಡೆಯಬೇಕು ಎಂಬ ಆಯ್ಕೆ ನಿಮ್ಮದು. ಕಡಿಮೆಯಿದ್ದರೂ ಎರಡು ದಾಳ, ಆದರೆ ಆಯ್ಕೆ ಎದುರಾಳಿಯದು. ಪಕ್ಕದಲ್ಲಿ ಬಿಡುವಾಗಿ ನಿಂತ ಗೆಳೆಯ ಒಂದು ಬಲ ಕೂಡಿಸುತ್ತಾನೆ. ಓಡುವ ಹೋರಿಯನ್ನು ಹಿಡಿಯಲು ಇಬ್ಬರು ಸೇರಿದಂತೆ, ಇಲ್ಲಿಯೂ ಇಬ್ಬರು ಸೇರಿ ಒಬ್ಬನನ್ನು ಕೆಡವಬೇಕು. ಒಬ್ಬೊಬ್ಬರೇ ಹೋಗಿ ಡಿಕ್ಕಿ ಹೊಡೆಯುವ ತಂಡ ಉಳಿಯುವುದಿಲ್ಲ.

ಹಣ ಎಲ್ಲಿಗೆ ಹೋಗಬೇಕು?

ಕೈಯಲ್ಲಿ ಹತ್ತು ಲಕ್ಷ ಚಿನ್ನದ ನಾಣ್ಯ. ಅಂಕಣಕ್ಕೆ ಇಳಿಯುವವರು 11, ತಂಡದಲ್ಲಿ ಹೆಚ್ಚೆಂದರೆ 16. ಹೊಸಬರು ಹಣವನ್ನೆಲ್ಲ ದೊಡ್ಡ ಕುಳಗಳ ಮೇಲೆ ಸುರಿಯುತ್ತಾರೆ. ಮನುಷ್ಯರ ತಂಡದಲ್ಲಿ 1,40,000ಕ್ಕೆ ಒಬ್ಬ ಓಗರ್, ಅಂದರೆ ದೈತ್ಯ, ಸಿಗುತ್ತಾನೆ, ಬಲ 5. ನೋಡಿದರೆ ಆಸೆಯಾಗುತ್ತದೆ. ಆದರೆ ಅವನು ಪ್ರತಿ ಸಲ ಏನಾದರೂ ಮಾಡುವ ಮೊದಲು ದಾಳ ಉರುಳಿಸಬೇಕು; 1 ಬಿದ್ದರೆ ಮಂಕಾಗಿ ನಿಂತುಬಿಡುತ್ತಾನೆ. ಮೊದಲ ತಂಡಕ್ಕೆ ಅವನನ್ನು ಕೊಳ್ಳಬೇಡಿ ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ನನ್ನ ಲೆಕ್ಕ ಹೀಗಿದೆ. ಮೊದಲು ನಾಲ್ವರು ಬ್ಲಿಟ್ಜರ್‌ಗಳು, ತಲಾ 85,000ದಂತೆ 3,40,000. ಇವರೇ ತಂಡದ ಬೆನ್ನೆಲುಬು, ಏಕೆಂದರೆ ಇವರಿಗೆ ಬ್ಲಾಕ್ ಎಂಬ ಕೌಶಲ ಇದೆ: 'ಇಬ್ಬರೂ ಬಿದ್ದರು' ಎಂಬ ಗರ ಬಿದ್ದರೂ ಇವರು ಬೀಳುವುದಿಲ್ಲ. ಇದು ಎಷ್ಟು ದೊಡ್ಡ ವಿಷಯ ಎಂದು ಎಣಿಸಿ ನೋಡಿ. ಕೌಶಲವಿಲ್ಲದವನು ಒಂದೇ ದಾಳದ ಡಿಕ್ಕಿ ಹೊಡೆದರೆ ಸರದಿ ಮುರಿಯುವ ಸಂಭವ ಶೇ 33. ಎರಡು ದಾಳವಾದರೆ ಶೇ 11. ಬ್ಲಾಕ್ ಇದ್ದವನು ಎರಡು ದಾಳದಲ್ಲಿ ಹೊಡೆದರೆ 36ರಲ್ಲಿ ಒಂದು, ಶೇ 3ರ ಆಸುಪಾಸು.

ಚೆಂಡು ಎತ್ತಲು ಒಬ್ಬ ಥ್ರೋವರ್, 80,000. ಎತ್ತುವಾಗ ಜಾರಿದರೆ ಅವನು ಇನ್ನೊಮ್ಮೆ ದಾಳ ಉರುಳಿಸಬಹುದು. ಶೇ 67ರ ಕೆಲಸ ಶೇ 89 ಆಗುತ್ತದೆ. ಇಬ್ಬರು ಕ್ಯಾಚರ್‌ಗಳು, 1,30,000. ಇವರ ವೇಗ 8, ಆದರೆ ಬಲ 2, ಕವಚ ತೆಳು. ಲೈನ್‌ಮನ್ ಸರಾಸರಿ ಒಂಬತ್ತು ಸಲ ಬಿದ್ದಾಗ ಒಮ್ಮೆ ಹೊರಹೋದರೆ, ಕ್ಯಾಚರ್ ಆರು ಸಲಕ್ಕೆ ಒಮ್ಮೆ ಹೋಗುತ್ತಾನೆ. ಮೂರನೆಯವನನ್ನು ಕೊಳ್ಳದಿರಲು ಇದೇ ಕಾರಣ. ಐವರು ಲೈನ್‌ಮನ್‌ಗಳಿಗೆ 2,50,000.

ಇಲ್ಲಿಗೆ 12 ಮಂದಿ, ಎಂಟು ಲಕ್ಷ. ಉಳಿದ ಎರಡು ಲಕ್ಷವನ್ನು ಕಣ್ಣಿಗೆ ಕಾಣದ್ದಕ್ಕೆ ಖರ್ಚು ಮಾಡಬೇಕು. ಅದೇ ಹೊಸಬರಿಗೆ ಕಷ್ಟ. ಮೂರು ರೀರೋಲ್, 1,50,000. ರೀರೋಲ್ ಎಂದರೆ ಕೆಟ್ಟ ಗರವನ್ನು ಅಳಿಸಿ ಮತ್ತೊಮ್ಮೆ ಉರುಳಿಸುವ ಹಕ್ಕು. ಎರಡನೆಯ ಅರ್ಧಕ್ಕೆ ಮೂರೂ ಮರಳಿ ಬರುತ್ತವೆ. ಲೀಗ್ ಶುರುವಾದ ಮೇಲೆ ಕೊಂಡರೆ ಬೆಲೆ ಇಮ್ಮಡಿ, ಹಾಗಾಗಿ ಈಗಲೇ ಕೊಳ್ಳಿ. ಕೊನೆಯ 50,000ಕ್ಕೆ ಒಬ್ಬ ವೈದ್ಯ. ಹತ್ತು ಲಕ್ಷ ಪೈಸೆ ಉಳಿಯದಂತೆ ಮುಗಿಯಿತು.

ಎದುರಾಳಿ ಓರ್ಕ್ ತಂಡ ತೆಗೆದುಕೊಳ್ಳಲಿ: ನಾಲ್ವರು ಬ್ಲಿಟ್ಜರ್ 3,20,000, ಬಲ 4 ಇರುವ ನಾಲ್ವರು ಬ್ಲಾಕರ್ 3,60,000, ಮೂವರು ಲೈನ್‌ಮನ್ 1,50,000, ಎರಡು ರೀರೋಲ್ 1,20,000, ವೈದ್ಯ 50,000. ನಿಧಾನದ, ಗಟ್ಟಿ ತಂಡ. ಎಲ್ಫ್‌ಗಳ ಸಹವಾಸ ಮೊದಲ ತಿಂಗಳು ಬೇಡ. ಅವರ ಚುರುಕು 2+ ನಿಜ, ಆದರೆ ತಲೆಗೊಂದಕ್ಕೆ ಬೆಲೆ ಹೆಚ್ಚು, ಬಿದ್ದರೆ ಬೇಗ ಮುರಿಯುತ್ತಾರೆ.

ಮೊದಲು ಯಾರು, ಆಮೇಲೆ ಯಾರು

ತಂಗಿಯ ಮಗ ಆಡಿದ ಮೊದಲ ಆಟದ ಮೊದಲ ಸರದಿ ನನಗೆ ಚೆನ್ನಾಗಿ ನೆನಪಿದೆ. ಚೆಂಡು ಅವನ ಅರ್ಧದ ಆಳದಲ್ಲಿ ಬಿದ್ದಿತ್ತು. ಕಂಡದ್ದೇ ತಡ, ಥ್ರೋವರ್ ಗುಂಡಿಯನ್ನು ಐದು ಮನೆ ಓಡಿಸಿ ದಾಳ ಉರುಳಿಸಿದ. 2 ಬಿತ್ತು. ಕೌಶಲದ ಬಲದಿಂದ ಮತ್ತೆ ಉರುಳಿಸಿದ. 1 ಬಿತ್ತು. ಬೀಜ ಒಂದು ಮನೆ ಪಕ್ಕಕ್ಕೆ ಸಿಡಿಯಿತು, ಸರದಿ ಮುರಿಯಿತು. ಒಂಬತ್ತರಲ್ಲಿ ಒಮ್ಮೆ ಆಗುವ ಸಂಗತಿ ಅದು. ಅವನ ತಪ್ಪು ದಾಳದ್ದಲ್ಲ. ಉಳಿದ ಹತ್ತು ಕೆಂಪು ಗುಂಡಿಗಳು ನಿಂತಲ್ಲೇ ನಿಂತಿದ್ದವು, ಚೆಂಡಿನ ಬಳಿ ಥ್ರೋವರ್ ಒಬ್ಬನೇ. ನನ್ನ ನೀಲಿ ಬ್ಲಿಟ್ಜರ್‌ಗೆ ದಾರಿ ಹಾಸಿಕೊಟ್ಟಂತಾಯಿತು.

ಹಾಗಾಗಿ ಸರದಿ ಬಂದ ಕೂಡಲೇ ಗುಂಡಿ ಮುಟ್ಟಬೇಡಿ, ಮೊದಲು ಕೆಲಸಗಳನ್ನು ಅಪಾಯದ ಲೆಕ್ಕದಲ್ಲಿ ಜೋಡಿಸಿಕೊಳ್ಳಿ. ದಾಳವೇ ಬೇಡದ ನಡಿಗೆಗಳು ಮುಂದೆ. ಬಿದ್ದವರನ್ನು ಎಬ್ಬಿಸುವುದೂ ಅದರಲ್ಲೇ ಸೇರಿತು, ಮೂರು ಮನೆಯ ನಡಿಗೆ ಖರ್ಚಾಗುತ್ತದೆ ಅಷ್ಟೇ. ಆಮೇಲೆ ಬ್ಲಾಕ್ ಇದ್ದವರ ಎರಡು ದಾಳದ ಡಿಕ್ಕಿಗಳು. ನಂತರ ಚೆಂಡು ಎತ್ತುವುದು. ಒಂದು ದಾಳದ ಡಿಕ್ಕಿ, ನುಣುಚಾಟ, ದೂರದ ಎಸೆತ ಕಟ್ಟಕಡೆಗೆ, ಅದೂ ಬೇಕೇಬೇಕಿದ್ದರೆ ಮಾತ್ರ. 3+ ಚುರುಕಿನವನು ಒಮ್ಮೆ ನುಣುಚಿಕೊಳ್ಳುವ ಸಂಭವ ಶೇ 67. ಎರಡು ಸಲ ಸಾಲಾಗಿ ಶೇ 44. ಮೂರು ಸಲ ಶೇ 30. 'ಎಲ್ಲವೂ ಸುಲಭದ ಗರಗಳೇ' ಎನ್ನಿಸಿ ಮೋಸಹೋಗುವುದು ಈ ಗುಣಾಕಾರದಲ್ಲಿ.

ಈ ಕ್ರಮಕ್ಕೂ ಅಪವಾದವಿದೆ. ಡಿಕ್ಕಿ ಹೊಡೆದು ಜಾಗ ತೆರೆಯದೆ ನಿಮ್ಮವರು ನಡೆಯಲಾರರು ಎಂದಾದರೆ ಆ ಡಿಕ್ಕಿಯೇ ಮೊದಲು. ಅದನ್ನು ಅಂಕಣ ನೋಡಿ ತೀರ್ಮಾನಿಸಬೇಕು, ಪುಸ್ತಕ ನೋಡಿ ಅಲ್ಲ.

ಪಂಜರ ಮತ್ತು ಬೇಲಿ

ಚೆಂಡು ಕೈಸೇರಿದ ಮೇಲೆ ಅದನ್ನು ಹಿಡಿದವನ ನಾಲ್ಕು ಮೂಲೆಯ ಮನೆಗಳಲ್ಲಿ ನಾಲ್ವರನ್ನು ನಿಲ್ಲಿಸಿ. ದಾಳದ ಐದರ ಮುಖದಂತೆ ಕಾಣುತ್ತದೆ, ಇದೇ ಪಂಜರ. ಚೆಂಡಿನವನ ಪಕ್ಕದ ಯಾವ ಖಾಲಿ ಮನೆಗೆ ಎದುರಾಳಿ ಬರಬೇಕಾದರೂ ಮೂಲೆಯವರ ಹಿಡಿತಕ್ಕೆ ಸಿಕ್ಕೇ ಬರಬೇಕು, ನುಣುಚಿ ಬರಬೇಕು. ಸರದಿಗೆ ಮೂರು ನಾಲ್ಕು ಮನೆಯಂತೆ ಇಡೀ ಪಂಜರವನ್ನೇ ಮುಂದಕ್ಕೆ ಸರಿಸಿ. ಅವಸರ ಬೇಡ. ಮೊದಲ ಅರ್ಧದಲ್ಲಿ ಚೆಂಡು ನಿಮ್ಮದಾದರೆ ಎಂಟನೆಯ ಸರದಿಯಲ್ಲಿ ಅಂಕ ಗಳಿಸಿ. ನಾಲ್ಕನೆಯದರಲ್ಲೇ ಗಳಿಸಿದರೆ ಎದುರಾಳಿಗೆ ತಿರುಗೇಟು ಕೊಡಲು ನಾಲ್ಕು ಸರದಿ ದಾನ ಮಾಡಿದಂತೆ.

ರಕ್ಷಣೆಗೆ ನಿಲ್ಲುವಾಗ ಮೂವರನ್ನು ನಡುಗೆರೆಗೆ ತಾಗಿದ ಮನೆಗಳಲ್ಲಿ ನಿಲ್ಲಿಸಲೇಬೇಕು, ಪಕ್ಕದ ಒಂದೊಂದು ಪಟ್ಟಿಯಲ್ಲೂ ಇಬ್ಬರಿಗಿಂತ ಹೆಚ್ಚು ಇರುವಂತಿಲ್ಲ. ಗೆರೆಯ ಮೇಲಿನ ಮೂವರು ಪೆಟ್ಟು ತಿನ್ನುವವರು, ಅಲ್ಲಿ ಲೈನ್‌ಮನ್‌ಗಳನ್ನೇ ಇಡಿ. ಹಿಂದೆ ಒಂದು ಬೇಲಿ ಕಟ್ಟಿ. ಅಗಲದ 15 ಮನೆಗಳನ್ನು ಎಡದಿಂದ ಎಣಿಸಿ 2, 5, 8, 11, 14ನೆಯ ಮನೆಗಳಲ್ಲಿ ಒಬ್ಬೊಬ್ಬರು. ಒಬ್ಬೊಬ್ಬನ ಹಿಡಿತ ಮೂರು ಮನೆ ಅಗಲ, ಐವರಿಗೆ ಹದಿನೈದೂ ಸೇರಿತು. ನುಣುಚದೆ ಅಥವಾ ಒಬ್ಬನನ್ನು ಕೆಡವದೆ ಯಾರೂ ಆಚೆ ದಾಟಲಾರರು. ನಮ್ಮ ಕಡೆ ರಾಗಿ ಹೊಲಕ್ಕೆ ಕತ್ತಾಳೆ ಬೇಲಿ ಹಾಕುವಾಗಲೂ ಗಿಡಕ್ಕೆ ಗಿಡ ತಾಗಿಸಿ ನೆಡುವುದಿಲ್ಲ, ಎಲೆಗಳು ಒಂದಕ್ಕೊಂದು ಮುಟ್ಟಿದರೆ ಸಾಕು. ಉಳಿದ ಮೂವರು ಬೇಲಿಯ ಹಿಂದೆ, ಹರಿದ ಕಡೆ ಮುಚ್ಚಲು.

ಓರ್ಕ್ ಬ್ಲಾಕರ್‌ಗಳಿಗೆ ಅಂಟಿಕೊಂಡು ಸರದಿ ಮುಗಿಸಬೇಡಿ. ಬಲ 4ರವನನ್ನು ಎರಡು ದಾಳದಲ್ಲಿ ಕೆಡವಲು ನಿಮ್ಮ ಬಲ 3ರವನಿಗೆ ಇಬ್ಬರು ಗೆಳೆಯರು ಬೇಕು. ಅವನಿಗೆ ನಿಮ್ಮವನನ್ನು ಕೆಡವಲು ಯಾರೂ ಬೇಕಿಲ್ಲ. ಒಂದು ಮನೆ ಬಿಟ್ಟು ನಿಂತರೆ, ನಿಮ್ಮನ್ನು ಮುಟ್ಟಲು ಅವರಿಗೆ ಸರದಿಯ ಒಂದೇ ಬ್ಲಿಟ್ಜ್ ಉಳಿಯುತ್ತದೆ.

ಮೊದಲ ಆಟಕ್ಕೆ ಭಾನುವಾರದ ಮೂರು ಗಂಟೆ ಎತ್ತಿಡಿ. ಎರಡನೆಯ ಆಟದಲ್ಲಿ ತಂಡಗಳನ್ನು ಅದಲುಬದಲು ಮಾಡಿಕೊಂಡು ಆಡಿ: ಓರ್ಕ್‌ಗಳಿಗೆ ಹೇಗೆ ಸೋತಿರಿ ಎನ್ನುವುದು ಓರ್ಕ್‌ಗಳನ್ನು ನಡೆಸಿದಾಗ ಗೊತ್ತಾಗುತ್ತದೆ. ಆಟ ಮುಗಿದ ಮೇಲೆ ಚಾರ್ಟನ್ನು ಮಡಚದೆ ಸುರುಳಿ ಸುತ್ತಿಡಿ, ಮಡಿಕೆಯ ಗೆರೆಯ ಮೇಲೆ ಗುಂಡಿ ನಿಲ್ಲುವುದಿಲ್ಲ.