ವೈಟ್ ಪೈನ್‌ಗೆ ತುಕ್ಕು ರೋಗ: ರೆಂಬೆ ಎಲ್ಲಿ ಕತ್ತರಿಸಬೇಕು?

ಅಮೆರಿಕದ ನ್ಯೂ ಹ್ಯಾಂಪ್‌ಶೈರ್, ಮೇನ್ ಕಡೆ ಮನೆ ಮಾಡಿರುವ ಕನ್ನಡಿಗರ ಹಿತ್ತಲಲ್ಲಿ ವೈಟ್ ಪೈನ್ ಮರ ಸಾಮಾನ್ಯ. ಹಸಿರು ಮರದಲ್ಲಿ ಒಂದೇ ಒಂದು ರೆಂಬೆ ಕೆಂಪಗೆ ಒಣಗಿದಾಗ ಹೆಚ್ಚಿನವರು ಒಣಗಿದ ತುದಿಯನ್ನಷ್ಟೇ ಕತ್ತರಿಸಿ ಸುಮ್ನಾಗುತ್ತಾರೆ. ನನ್ನ ಸ್ನೇಹಿತರೊಬ್ಬರು ಹೀಗೇ ಮಾಡಿದರು. ಅವರ ಮಗಳು ಹುಟ್ಟಿದ ವರ್ಷ ನೆಟ್ಟ ಮರ ಅದು. ರೋಗ ಕಾಂಡಕ್ಕೆ ಇಳಿದು, ಕೆಲವೇ ವರ್ಷಗಳಲ್ಲಿ ಮರ ಸತ್ತಿತು. ಒಂದು ಅಳತೆಪಟ್ಟಿ, ಒಂದು ಗರಗಸ ಇದ್ದಿದ್ದರೆ ಉಳಿಯುತ್ತಿತ್ತು.

ಇದು ತುಕ್ಕು ರೋಗ. ಕೊಡಗು, ಚಿಕ್ಕಮಗಳೂರಿನವರಿಗೆ ಕಾಫಿ ಎಲೆಯ ತುಕ್ಕು ಗೊತ್ತಲ್ವಾ? ಅದರ ದೂರದ ನೆಂಟ. ಹೆಸರು ಕ್ರೊನಾರ್ಟಿಯಮ್ ರಿಬಿಕೋಲ. ಅಮೆರಿಕಕ್ಕೆ ಇದು ಹೊರಗಿನಿಂದ ಬಂದ ಶಿಲೀಂಧ್ರ. ವೈಟ್ ಪೈನ್ ಇಲ್ಲಿನದೇ ಮರ. ಆದರೆ ಯುರೋಪಿನ ನರ್ಸರಿಗಳಲ್ಲಿ ಬೆಳೆದ ಸಸಿ ಅಗ್ಗ ಎಂದು 1900ರ ಆಸುಪಾಸಿನಲ್ಲಿ ಅಲ್ಲಿಂದ ತರಿಸಿದರು. ತವರಿನ ಮರವೇ ರೋಗ ಹೊತ್ತು ತವರಿಗೆ ಬಂತು. 1912ರಲ್ಲಿ ಸಸಿಗಳ ಆಮದಿಗೆ ಕಡಿವಾಣ ಹಾಕುವ ಕಾನೂನು ಬರಲು ಇದೂ ಒಂದು ಮುಖ್ಯ ಕಾರಣ.

ಗುರುತಿಸುವುದು

ಸೂಜಿ ಎಲೆಗಳ ಒಂದು ಗೊಂಚಲು ಕಿತ್ತು ಎಣಿಸಿ. ಐದು ಇದ್ದರೆ ಮಾತ್ರ ಮುಂದೆ ಓದಿ. ಎರಡು ಮೂರು ಎಲೆಯ ಪೈನ್‌ಗಳಿಗೆ ಈ ರೋಗ ಬರುವುದಿಲ್ಲ.

ಮೇ ತಿಂಗಳಲ್ಲಿ ಮರದ ಸುತ್ತ ನಿಧಾನಕ್ಕೆ ಒಂದು ಸುತ್ತು ಹಾಕಿ. ರೋಗ ಹಿಡಿದ ರೆಂಬೆ ಒಂದು ಕಡೆ ನೂಲುವ ಕದಿರಿನಂತೆ ಉಬ್ಬಿರುತ್ತದೆ. ಅಂಟು ಸೋರಿ ಬಿಳಿಯಾಗಿ ಒಣಗಿರುತ್ತದೆ. ಬಿಳಿ ಬೊಕ್ಕೆಗಳು ಒಡೆದು ಕಿತ್ತಳೆ ಬಣ್ಣದ ಪುಡಿ ಉದುರುತ್ತಿದ್ದರೆ ಅನುಮಾನವೇ ಬೇಡ. ಅಲ್ಲೇ ಬಣ್ಣದ ಬಟ್ಟೆಯ ಚೂರು ಕಟ್ಟಿ.

ಅಳೆಯುವುದು

ಎಡವುವುದು ಇಲ್ಲೇ. ಒಣಗಿದ ಭಾಗವೇ ರೋಗ ಅಂದುಕೊಳ್ಳಬೇಡಿ. ಶಿಲೀಂಧ್ರ ಬದುಕುವುದು ಜೀವಂತ ತೊಗಟೆಯಲ್ಲಿ ಮಾತ್ರ. ಸತ್ತ ಭಾಗವನ್ನು ಹಿಂದೆ ಬಿಟ್ಟು ಅದು ಕಾಂಡದ ಕಡೆಗೆ ವರ್ಷಕ್ಕೆ ಕೆಲವು ಇಂಚು ನಡೆಯುತ್ತಿರುತ್ತದೆ. ಹಾಗಾಗಿ ನೋಡಬೇಕಾದದ್ದು ಹಸಿರು ತೊಗಟೆ ಶುರುವಾಗುವ ಅಂಚನ್ನು. ಅಲ್ಲಿ ಹಳದಿ ಮಿಶ್ರಿತ ಕಿತ್ತಳೆ ಬಣ್ಣದ ಪಟ್ಟಿ ಕಾಣುತ್ತದೆ. ಒಣ ತೊಗಟೆಯಲ್ಲಿ ಅದು ಮಸುಕು. ಒದ್ದೆ ಬಟ್ಟೆಯಿಂದ ಒರೆಸಿ ನೋಡಿ, ಬಣ್ಣ ಎದ್ದು ಕಾಣುತ್ತದೆ. ರೆಂಬೆಯ ಕೆಳಮೈಯನ್ನೂ ಒರೆಸಿ. ಮೇಲೆ ಚೆನ್ನಾಗಿದ್ದು ಕೆಳಗೆ ಹಳದಿ ಎರಡು ಇಂಚು ಮುಂದೆ ಹೋಗಿರುವುದನ್ನು ನಾನು ಕಂಡಿದ್ದೇನೆ.

ಆ ಅಂಚಿನಿಂದ ಕಾಂಡದವರೆಗೆ ಅಳೆಯಿರಿ. ಕಣ್ಣಂದಾಜು ಬೇಡ. 6 ಇಂಚಿಗಿಂತ ಜಾಸ್ತಿ ಇದ್ದರೆ ಚಳಿಗಾಲದ ಒಣ ದಿನಕ್ಕೆ ಕಾಯಬಹುದು. 4ರಿಂದ 6 ಇಂಚು ಇದ್ದರೆ ಕಾಯಬೇಡಿ, ಮಳೆ ಇಲ್ಲದ ದಿನ ನೋಡಿ ಇದೇ ವಾರ ಕತ್ತರಿಸಿ. 4 ಇಂಚಿಗಿಂತ ಕಡಿಮೆ ಇದ್ದರೆ ರೋಗ ಕಾಂಡ ಸೇರಿರುವ ಸಂಭವ ಹೆಚ್ಚು. ಆಗ ಮರದ ತಜ್ಞರನ್ನು ಕರೆಸಿ.

ಕತ್ತರಿಸುವುದು

ರೋಗದ ರೆಂಬೆಯನ್ನು ಅರ್ಧದಲ್ಲಿ ಕತ್ತರಿಸಬೇಡಿ, ಪೂರ್ತಿ ತೆಗೆಯಿರಿ. ರೆಂಬೆ ಕಾಂಡಕ್ಕೆ ಸೇರುವಲ್ಲಿ ಬಳೆಯಂತೆ ಉಬ್ಬಿದ ಭಾಗ ಇರುತ್ತದೆ. ಗಾಯ ಮುಚ್ಚುವ ಶಕ್ತಿ ಇರುವುದು ಅದರಲ್ಲಿ. ಗರಗಸ ಆ ಬಳೆಯ ಹೊರಗೆ, ಅದಕ್ಕೆ ತಾಗಿದಂತೆ ಓಡಬೇಕು. ನುಣ್ಣಗೆ ಕಾಣಲಿ ಎಂದು ಬಳೆಯನ್ನೂ ಸವರಿ ಹಾಕುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ದಪ್ಪ ರೆಂಬೆಯಾದರೆ ಮೊದಲು ಒಂದಡಿ ಆಚೆ ಕೆಳಗಿನಿಂದ ಸ್ವಲ್ಪ ಕೊಯ್ಯಿರಿ. ಅದರಿಂದ ಇನ್ನಷ್ಟು ಹೊರಗೆ ಮೇಲಿನಿಂದ ಕೊಯ್ದು ಭಾರ ಇಳಿಸಿ. ಉಳಿದ ಮೋಟನ್ನು ಕೊನೆಗೆ ತೆಗೆಯಿರಿ. ಇಲ್ಲದಿದ್ದರೆ ಬೀಳುವ ರೆಂಬೆ ಕಾಂಡದ ತೊಗಟೆಯನ್ನೇ ಸುಲಿದುಕೊಂಡು ಹೋಗುತ್ತದೆ.

ಗಾಯಕ್ಕೆ ಬಳಿಯುವ ಡಾಂಬರಿನಂಥ ಬಣ್ಣ ಅಂಗಡಿಯಲ್ಲಿ ಸಿಗುತ್ತದೆ. ಕೊಳ್ಳಬೇಡಿ. ಅದರಿಂದ ಕೊಳೆ ನಿಲ್ಲುವುದಿಲ್ಲ. ಊರಿನಲ್ಲಿ ಬೋರ್ಡೋ ದ್ರಾವಣ ಹೊಡೆದು ಅಭ್ಯಾಸ ಇರುವವರು ಇಲ್ಲೂ ಏನಾದರೂ ಸಿಂಪಡಿಸೋಣ ಅನ್ನುತ್ತಾರೆ. ತೊಗಟೆಯೊಳಗೆ ಸೇರಿದ ರೋಗ ಸಿಂಪಡಣೆಯಿಂದ ಹೋಗುವುದಿಲ್ಲ. ಕತ್ತರಿಸಿದ ರೆಂಬೆಯನ್ನು ಸುಡುವ ಅಗತ್ಯವೂ ಇಲ್ಲ. ರೆಂಬೆ ಸತ್ತರೆ ಅದರೊಳಗಿನ ತುಕ್ಕೂ ಸಾಯುತ್ತದೆ.

ಕೆಳಗಿನ ರೆಂಬೆಗಳು

ಇಬ್ಬನಿ ಜಾಸ್ತಿ ಹೊತ್ತು ನಿಲ್ಲುವುದು ನೆಲದ ಹತ್ತಿರ. ಸುಮಾರು ಎರಡು ದಿನ ಒದ್ದೆಯಾಗಿ, ತಂಪಾಗಿ ಇದ್ದರೆ ಬೀಜಕಣ ಸೂಜಿ ಎಲೆಯೊಳಗೆ ನುಗ್ಗುತ್ತದೆ. ಅದಕ್ಕೇ ಹೆಚ್ಚಿನ ಸೋಂಕು ನೆಲದಿಂದ 9 ಅಡಿಯೊಳಗೆ ಕಾಣುತ್ತದೆ. ಎಳೆಯ ಮರದ ಕೆಳ ರೆಂಬೆಗಳನ್ನು, ರೋಗ ಇರಲಿ ಇಲ್ಲದಿರಲಿ, ವರ್ಷ ವರ್ಷ ಸ್ವಲ್ಪ ಸ್ವಲ್ಪ ತೆಗೆಯುತ್ತಾ ಬನ್ನಿ. ಮರದ ಎತ್ತರದ ಮೂರನೇ ಎರಡು ಭಾಗ ಹಸಿರು ಉಳಿದಿರಲಿ.

ಪೊದೆಗಳ ವಿಚಾರ

ಈ ರೋಗ ಪೈನ್‌ನಿಂದ ಪೈನ್‌ಗೆ ಹರಡುವುದಿಲ್ಲ. ನಡುವೆ ಕರಂಟ್ ಅಥವಾ ಗೂಸ್‌ಬೆರಿ ಪೊದೆ ಬೇಕು. ಇದು ನಮ್ಮ ನೆಲ್ಲಿಕಾಯಿಯಲ್ಲ, ರೈಬಿಸ್ ಜಾತಿಯ ಪುಟ್ಟ ಪೊದೆ. ಪೈನ್‌ನಿಂದ ಹೊರಟ ಕಿತ್ತಳೆ ಪುಡಿ ನೂರಾರು ಕಿಲೋಮೀಟರ್ ಹಾರಬಲ್ಲದು. ಪೊದೆಯಿಂದ ವಾಪಸ್ ಬರುವ ಕಣಗಳು ಮಾತ್ರ ಬಲು ನಾಜೂಕು, ಹೆಚ್ಚಾಗಿ ಕೆಲವು ನೂರು ಮೀಟರ್ ಒಳಗೇ ಸಾಯುತ್ತವೆ. ಆದ್ದರಿಂದ ನಿಮ್ಮ ಅಂಗಳದ ಪೊದೆಯೇ ನಿಮ್ಮ ಮರಕ್ಕೆ ದೊಡ್ಡ ಅಪಾಯ. ಇದ್ದರೆ ಬೇರುಸಹಿತ ಕಿತ್ತುಹಾಕಿ.

ಜಾಮ್ ಮಾಡುವ ಆಸೆಗೆ ಕಪ್ಪು ಕರಂಟ್ ನೆಡುವ ಮೊದಲು ನಿಮ್ಮ ರಾಜ್ಯದ ನಿಯಮ ನೋಡಿ. ಈ ಪೊದೆಗಳನ್ನು ಬೆಳೆಸುವುದಕ್ಕೆ ಇದ್ದ ದೇಶದ ಮಟ್ಟದ ನಿಷೇಧ 1966ರಲ್ಲಿ ಹೋಯಿತು. ಆದರೆ ಮೇನ್‌ನಲ್ಲಿ ಯುರೋಪಿನ ಕಪ್ಪು ಕರಂಟ್ ಬೆಳೆಸುವಂತೆಯೇ ಇಲ್ಲ. ರೋಗ ತಗಲದ ತಳಿ ಎಂಬ ಚೀಟಿಯನ್ನೂ ಪೂರ್ತಿ ನಂಬಬೇಡಿ. ಅಂಥ ತಳಿಗಳಿಗೂ ಕನೆಕ್ಟಿಕಟ್‌ನಲ್ಲಿ ತುಕ್ಕು ಹತ್ತಿದೆ.

ಸೋಂಕು ತಗಲಿ ಬೊಕ್ಕೆ ಒಡೆಯಲು ಎರಡು ಮೂರು ವರ್ಷ ಹಿಡಿಯಬಹುದು. ಈ ವರ್ಷ ಕತ್ತರಿಸಿದ ಮರಕ್ಕೆ ಮುಂದಿನ ಮೂರು ವರ್ಷ, ಮೇ ತಿಂಗಳಲ್ಲಿ, ಒದ್ದೆ ಬಟ್ಟೆ ಹಿಡಿದು ಮತ್ತೆ ಒಂದು ಸುತ್ತು ಬನ್ನಿ.