ಫಾರ್ಮ್ಯಾಟ್ ಹೊಡೆದರೂ ವಾಪಸ್ ಬಂದ ಸ್ಪೈವೇರ್

ಹಾಸನದಲ್ಲಿರುವ ಅಕ್ಕನ ಮನೆಯ ಡೆಸ್ಕ್‌ಟಾಪಿಗೆ ಸ್ಪೈವೇರ್, ಅಂದರೆ ಗೊತ್ತಾಗದ ಹಾಗೆ ಒಳಗೆ ಕೂತು ಮಾಹಿತಿ ಕದಿಯುವ ಪ್ರೋಗ್ರಾಂ, ಹೊಕ್ಕಿದ್ದು ಇದು ಎರಡನೇ ಸಲ. ಮೊದಲ ಸಲ ಬೀದಿ ಕೊನೆಯ ಅಂಗಡಿಗೆ ಕೊಟ್ಟು ಫಾರ್ಮ್ಯಾಟ್ ಹೊಡೆಸಿದ್ದರು. ಸ್ವಲ್ಪ ಕಾಲ ಚೆನ್ನಾಗಿತ್ತು. ಆಮೇಲೆ ಮತ್ತೆ ಅದೇ ಕಥೆ. ಗೂಗಲ್‌ನಲ್ಲಿ ಏನಾದರೂ ಹುಡುಕಿದರೆ ಕೇಳರಿಯದ ಯಾವುದೋ ಸರ್ಚ್ ಪುಟಕ್ಕೆ ಎಳೆದುಕೊಂಡು ಹೋಗುತ್ತಿತ್ತು. ಬಲಗಡೆ ಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇದೆ’ ಅಂತ ನೋಟಿಫಿಕೇಶನ್ ಏಳುತ್ತಿತ್ತು. ಇದಕ್ಕೆಲ್ಲ ಅಕ್ಕ ತಲೆ ಕೆಡಿಸಿಕೊಂಡಿರಲಿಲ್ಲ. ಭಾವನ ಜಿಮೇಲ್‌ಗೆ ಬೇರೆ ದೇಶದಿಂದ ಯಾರೋ ಲಾಗಿನ್ ಆಗಿದ್ದಾರೆ ಅಂತ ಎಚ್ಚರಿಕೆ ಬಂದಾಗ ಮಾತ್ರ ಗಾಬರಿಯಾಗಿ ನನಗೆ ಫೋನ್ ಮಾಡಿದಳು. “ಬ್ಯಾಂಕಲ್ಲಿರೋ ದುಡ್ಡಿಗೆ ಏನಾದ್ರೂ ಆದ್ರೆ ಏನ್ ಮಾಡೋದೋ?”

ಹೊರಡುವ ಮೊದಲು ಫೋನಿನಲ್ಲೇ ಎರಡು ಮಾತು ಹೇಳಿದೆ. ರೌಟರಿನಿಂದ ಕಂಪ್ಯೂಟರಿಗೆ ಬರುವ ಕೇಬಲ್ ಕಿತ್ತುಬಿಡಿ. ಆ ಕಂಪ್ಯೂಟರಿನಲ್ಲಿ ಕೂತು ಯಾವ ಪಾಸ್‌ವರ್ಡನ್ನೂ ಬದಲಾಯಿಸಬೇಡಿ. ಎರಡನೆಯದನ್ನು ಒತ್ತಿ ಹೇಳಬೇಕಾಯಿತು, ಯಾಕೆಂದರೆ ಗಾಬರಿಯಲ್ಲಿ ಎಲ್ಲರೂ ಮೊದಲು ಮಾಡುವುದು ಅದನ್ನೇ. ಕದಿಯುವ ಪ್ರೋಗ್ರಾಂ ಇನ್ನೂ ಒಳಗೆ ಕೂತಿರುವಾಗ ಹೊಸ ಪಾಸ್‌ವರ್ಡ್ ಟೈಪ್ ಮಾಡಿದರೆ ಅದೂ ಹೋಯಿತು, ಅಷ್ಟೇ.

ಹಿಂದೆಲ್ಲ ಸ್ಪೈವೇರ್ ಅಂದರೆ ಜಾಹೀರಾತು ತೋರಿಸುವ ಕಾಟ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಅದನ್ನು ಹುಡುಕಿ ತೆಗೆಯುವ ಸ್ಪೈಬಾಟ್, ಆಡ್-ಅವೇರ್ ಓಡಿಸಿದರೆ ಕೆಲಸ ಮುಗೀತಿತ್ತು. ಈಗ ಬರುವವು ಬೇರೆ ಜಾತಿಯವು. ಇವನ್ನು ಇನ್ಫೋಸ್ಟೀಲರ್, ಅಂದರೆ ಮಾಹಿತಿ ಕಳ್ಳ ಅಂತಾರೆ. ಲುಮಾ, ರೆಡ್‌ಲೈನ್ ಅನ್ನುವವು ಹೆಸರುವಾಸಿ. 2025ರ ಮೇ ತಿಂಗಳಲ್ಲಿ ಲುಮಾದ ಜಾಲಕ್ಕೆ ಮೈಕ್ರೋಸಾಫ್ಟ್ ಮತ್ತು ಹಲವು ದೇಶಗಳ ಪೊಲೀಸರು ಸೇರಿ ಪೆಟ್ಟು ಕೊಟ್ಟರು. ಅದಕ್ಕೆ ಹಿಂದಿನ ಎರಡು ತಿಂಗಳಲ್ಲೇ ಸುಮಾರು 3,94,000 ವಿಂಡೋಸ್ ಕಂಪ್ಯೂಟರುಗಳಲ್ಲಿ ಅದು ಸಿಕ್ಕಿತ್ತು. ಇವು ಬ್ರೌಸರಿನಲ್ಲಿ ಸೇವ್ ಮಾಡಿದ ಪಾಸ್‌ವರ್ಡುಗಳನ್ನು ಬಾಚುತ್ತವೆ. ಜೊತೆಗೆ ಕುಕಿಗಳನ್ನೂ ಹೊತ್ತೊಯ್ಯುತ್ತವೆ. ನಾವು ಆಗಲೇ ಲಾಗಿನ್ ಆಗಿದ್ದೇವೆ ಅನ್ನುವ ಗುರುತು ಇರುವುದು ಆ ಕುಕಿಯಲ್ಲಿ. ಅದು ಕಳ್ಳನ ಕೈಗೆ ಸಿಕ್ಕರೆ ಅವನಿಗೆ ಪಾಸ್‌ವರ್ಡೂ ಬೇಡ, ಓಟಿಪಿಯೂ ಬೇಡ. ಇಷ್ಟೆಲ್ಲ ಆಗಲು ಗಂಟೆಗಟ್ಟಲೆ ಬೇಕಿಲ್ಲ. ಪ್ರೋಗ್ರಾಂ ಓಡಿದ ಕೆಲವೇ ನಿಮಿಷದಲ್ಲಿ ಮುಗಿದಿರುತ್ತದೆ. ಹಾಗಾಗಿ ಬರೀ ಕಂಪ್ಯೂಟರ್ ಕ್ಲೀನ್ ಮಾಡಿ ಕೂತರೆ, ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಹೋದ ಕೂಡಲೇ ಕಂಪ್ಯೂಟರ್ ಮುಟ್ಟಲಿಲ್ಲ. ಭಾವನ ಮೊಬೈಲ್ ಇಸಿದುಕೊಂಡು, ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲೇ ಶುರು ಮಾಡಿದೆ. ಮೊದಲು ಜಿಮೇಲ್. ಗೂಗಲ್ ಖಾತೆಯ ಸೆಕ್ಯೂರಿಟಿ ವಿಭಾಗದಲ್ಲಿ ‘ಯುವರ್ ಡಿವೈಸಸ್’ ಅಂತ ಇದೆ. ಅಲ್ಲಿ ಕಾಣುವ ಎಲ್ಲ ಕಂಪ್ಯೂಟರುಗಳಿಂದಲೂ ಸೈನ್ ಔಟ್ ಮಾಡಿದೆ. ಕದ್ದ ಕುಕಿ ಕೆಲಸಕ್ಕೆ ಬಾರದಂತೆ ಮಾಡುವ ದಾರಿ ಇದು. ಆಮೇಲೆ ಹೊಸ ಪಾಸ್‌ವರ್ಡ್. ಆಮೇಲೆ ತುಂಬಾ ಜನ ನೋಡದೇ ಬಿಡುವ ಜಾಗ: ಜಿಮೇಲ್ ಸೆಟ್ಟಿಂಗ್ಸಿನ ಫಿಲ್ಟರ್ ಮತ್ತು ಫಾರ್ವರ್ಡಿಂಗ್. ಅದು ಮೊಬೈಲ್ ಆ್ಯಪಿನಲ್ಲಿ ಪೂರ್ತಿ ಕಾಣುವುದಿಲ್ಲ, ನನ್ನ ಲ್ಯಾಪ್‌ಟಾಪಿನಲ್ಲಿ ತೆಗೆದು ನೋಡಿದೆ. ನಾವು ಸೇರಿಸದ ಒಂದು ಫಿಲ್ಟರ್ ಇತ್ತು. ‘ಸೆಕ್ಯೂರಿಟಿ’ ಅನ್ನುವ ಪದ ಇರುವ ಮೇಲ್ ಬಂದರೆ ಸೀದಾ ಟ್ರ್ಯಾಶಿಗೆ ಹಾಕು ಅಂತ. ಮುಂದಿನ ಎಚ್ಚರಿಕೆಗಳು ಭಾವನ ಕಣ್ಣಿಗೆ ಬೀಳಬಾರದು ಅನ್ನೋದು ಉಪಾಯ. ಅದನ್ನು ಅಳಿಸಿದೆ. ವಾಟ್ಸ್ಆ್ಯಪ್‌ನ ಲಿಂಕ್ಡ್ ಡಿವೈಸಸ್ ಕೂಡ ಖಾಲಿ ಮಾಡಿದೆ.

ಬ್ಯಾಂಕಿನ ಬಗ್ಗೆ ಅಕ್ಕನಿಗೆ ಇದ್ದಷ್ಟು ಹೆದರಿಕೆ ನನಗಿರಲಿಲ್ಲ. ನೆಟ್‌ಬ್ಯಾಂಕಿಂಗ್ ಸುಮ್ನೆ ಬಿಟ್ಟರೆ ತಾನೇ ಲಾಗ್ ಔಟ್ ಆಗುತ್ತದೆ, ದುಡ್ಡು ಕಳಿಸಲು ಮತ್ತೆ ಓಟಿಪಿ ಬೇಕು. ಈಮೇಲ್ ಹಾಗಲ್ಲ. ಅದೊಂದು ಕೈಗೆ ಸಿಕ್ಕರೆ ಉಳಿದ ಎಲ್ಲ ಖಾತೆಗಳ ಪಾಸ್‌ವರ್ಡನ್ನೂ ‘ಮರೆತುಹೋಯಿತು’ ಅಂತ ಹೇಳಿ ಬದಲಾಯಿಸಬಹುದು. ಆದರೂ ಬ್ಯಾಂಕಿನ ಪಾಸ್‌ವರ್ಡ್ ಬದಲಾಯಿಸಿ, ಸ್ಟೇಟ್‌ಮೆಂಟ್ ನೋಡಿದೆವು. ದುಡ್ಡು ಹೋಗಿರಲಿಲ್ಲ. ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡುವುದು ಮೊದಲ ಕೆಲಸ ಆಗುತ್ತಿತ್ತು. ಮನೆಯವರೆಲ್ಲರ ಆಧಾರ್ ಸ್ಕ್ಯಾನ್ ಕಾಪಿ ಡೆಸ್ಕ್‌ಟಾಪಿನ ಮೇಲೇ ಬಿದ್ದಿತ್ತು. ಅವು ಹೋಗಿವೆ ಅಂತಲೇ ಲೆಕ್ಕ ಹಿಡಿದು, ಆಧಾರ್ ಆ್ಯಪಿನಲ್ಲಿ ಎಲ್ಲರ ಬಯೋಮೆಟ್ರಿಕ್ ಲಾಕ್ ಮಾಡಿಸಿದೆ. ಬೇಕಾದಾಗ ತೆಗೆಯಬಹುದು.

ಇಷ್ಟಾದ ಮೇಲೆ ಕಂಪ್ಯೂಟರ್ ಹತ್ತಿರ ಹೋದೆ.

ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಡಿಫೆಂಡರ್‌ನಲ್ಲಿ ಸ್ಕ್ಯಾನ್ ಓಡಿಸಿದರೆ ‘ಯಾವ ತೊಂದರೆಯೂ ಇಲ್ಲ’ ಅಂತ ಹಸಿರು ಟಿಕ್ ತೋರಿಸಿತು. ಅದನ್ನು ನಂಬಲಿಲ್ಲ. ಎಕ್ಸ್‌ಕ್ಲೂಶನ್ಸ್ ಪಟ್ಟಿ ತೆಗೆದೆ. ಸ್ಕ್ಯಾನ್ ಮಾಡುವಾಗ ಬಿಟ್ಟುಬಿಡಬೇಕಾದ ಜಾಗಗಳನ್ನು ಬರೆದಿಡುವ ಪಟ್ಟಿ ಅದು. ಮಾಮೂಲಿ ಮನೆಯ ಕಂಪ್ಯೂಟರಿನಲ್ಲಿ ಖಾಲಿ ಇರಬೇಕು. ಇಲ್ಲಿ ಇಡೀ ಸಿ ಡ್ರೈವ್ ಕೂತಿತ್ತು! ಏನನ್ನೂ ನೋಡಬೇಡ ಅಂದಮೇಲೆ ಏನೂ ಸಿಗದೇ ಇರುವುದರಲ್ಲಿ ಆಶ್ಚರ್ಯ ಏನಿದೆ? ಪಟ್ಟಿ ಖಾಲಿ ಮಾಡಿ, ಸ್ಕ್ಯಾನ್ ಆಪ್ಷನ್ಸ್ ಒಳಗಿರುವ ‘ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್’ ಒತ್ತಿದೆ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕುತ್ತದೆ. ಅಡಗಿಕೊಳ್ಳುವ ಪ್ರೋಗ್ರಾಂಗಳು ಆಗ ಓಡುತ್ತಿರುವುದಿಲ್ಲ. ಒಂದು ಕಾಫಿ ಕುಡಿಯುವಷ್ಟು ಹೊತ್ತು ಹಿಡಿಯಿತು, ಕೆಲವು ಫೈಲುಗಳು ಸಿಕ್ಕಿದವು.

ಫೈಲ್ ಸಿಕ್ಕಿತು ಅಂತ ಎದ್ದು ಬರುವ ಹಾಗಿಲ್ಲ. ಪ್ರತಿ ಸಲ ಅದನ್ನು ಎಬ್ಬಿಸುವುದು ಯಾರು ಅಂತ ಹುಡುಕಬೇಕು. ಅದಕ್ಕೆ ನಾನು ಬಳಸುವುದು ಆಟೋರನ್ಸ್. ಮೈಕ್ರೋಸಾಫ್ಟಿನದೇ ಸಿಸ್‌ಇಂಟರ್ನಲ್ಸ್ ಗುಂಪಿನ ಪುಕ್ಕಟೆ ಸಾಧನ, ಇನ್‌ಸ್ಟಾಲ್ ಮಾಡಬೇಕಿಲ್ಲ. ನನ್ನ ಲ್ಯಾಪ್‌ಟಾಪಿನಿಂದ ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿದ್ದೆ. ಕಂಪ್ಯೂಟರ್ ಆನ್ ಆದಾಗ ತಾನಾಗಿ ಏಳುವ ಪ್ರತಿಯೊಂದನ್ನೂ ಸಾಲಾಗಿ ತೋರಿಸುತ್ತದೆ. ಮೈಕ್ರೋಸಾಫ್ಟಿನ ಸಾಲುಗಳನ್ನು ಮರೆಮಾಡುವ ಆಯ್ಕೆ ಒತ್ತಿದರೆ ಕಣ್ಣಿಗೆ ಆರಾಮ. ಉಳಿದದ್ದರಲ್ಲಿ ಶೆಡ್ಯೂಲ್ಡ್ ಟಾಸ್ಕ್ (ಹೊತ್ತು ಗೊತ್ತು ಮಾಡಿಟ್ಟ ಕೆಲಸ) ಕೆಳಗೆ ಒಂದು ಸಾಲು ಗುಲಾಬಿ ಬಣ್ಣದಲ್ಲಿತ್ತು. ಮಾಡಿದವರ ಹೆಸರಿಲ್ಲ, ಸಹಿ ಇಲ್ಲ. ಹೆಸರು ಮಾತ್ರ ಬ್ರೌಸರ್ ಅಪ್‌ಡೇಟ್ ಅನ್ನುವ ಹಾಗೆ ಸಭ್ಯವಾಗಿತ್ತು. ನಿಜವಾದ ಅಪ್‌ಡೇಟರ್ ಸಾಮಾನ್ಯವಾಗಿ ಪ್ರೋಗ್ರಾಂ ಫೈಲ್ಸ್ ಒಳಗಿರುತ್ತದೆ. ಇದು ಆಪ್‌ಡೇಟಾದ ರೋಮಿಂಗ್ ಫೋಲ್ಡರಿನಲ್ಲಿ, ಅರ್ಥವಿಲ್ಲದ ಅಕ್ಷರಗಳ ಹೆಸರಿನ ಫೋಲ್ಡರ್ ಒಳಗಿತ್ತು. ಟಾಸ್ಕ್ ಶೆಡ್ಯೂಲರ್ ತೆಗೆದು ನೋಡಿದರೆ, ಲಾಗಿನ್ ಆದಾಗೊಮ್ಮೆ, ಆಮೇಲೆ ಗಂಟೆಗೊಮ್ಮೆ, ಆಜ್ಞೆಗಳನ್ನು ಓಡಿಸುವ ವಿಂಡೋಸಿನ ಪವರ್‌ಶೆಲ್ ಅನ್ನು ಕಿಟಕಿ ಕಾಣದ ಹಾಗೆ ಓಡಿಸು ಅಂತ ಬರೆದಿತ್ತು. ಫೈಲನ್ನು ಎಷ್ಟು ಸಲ ಅಳಿಸಿದರೂ ಇದು ಮತ್ತೆ ಇಳಿಸಿಕೊಳ್ಳುತ್ತಿತ್ತು.

ಸರಿ, ಇದು ಈ ಸಲದ್ದು. ಫಾರ್ಮ್ಯಾಟ್ ಹೊಡೆದ ಮೇಲೂ ಬಂದದ್ದು ಹೇಗೆ? ಅಕ್ಕನ ಮಗ ಹತ್ತನೇ ಕ್ಲಾಸು. ಪಕ್ಕ ಕೂರಿಸಿಕೊಂಡು ಬೈಯದೆ ಕೇಳಿದೆ. “ಮಾಮ, ಗೇಮಿಗೆ ಒಂದು ಮಾಡ್ ಹಾಕಿದ್ದೆ. ಡಿ ಡ್ರೈವಲ್ಲೇ ಇತ್ತಲ್ಲ, ಫಾರ್ಮ್ಯಾಟ್ ಆದ್ಮೇಲೆ ಮತ್ತೆ ಹಾಕ್ಕೊಂಡೆ” ಅಂದ. ಉತ್ತರ ಸಿಕ್ಕಿತು. ಅಂಗಡಿಯವರು ಅಳಿಸಿದ್ದು ಸಿ ಡ್ರೈವ್ ಮಾತ್ರ. ಡಿ ಡ್ರೈವಿನಲ್ಲಿ ‘ಸೆಟಪ್ಸ್’ ಅನ್ನುವ ಫೋಲ್ಡರ್ ಹಾಗೇ ಇತ್ತು. ಆ ಮಾಡ್, ಅಂದರೆ ಗೇಮನ್ನು ಬೇಕಾದ ಹಾಗೆ ಬದಲಾಯಿಸುವ ಫೈಲು, ಅದರಲ್ಲೇ ಇತ್ತು: ಯೂಟ್ಯೂಬ್ ವಿಡಿಯೋದ ಕೆಳಗಿನ ಲಿಂಕಿನಿಂದ ಇಳಿಸಿದ ಜಿಪ್ ಫೈಲು, ಅದಕ್ಕೊಂದು ಪಾಸ್‌ವರ್ಡ್. ಪಾಸ್‌ವರ್ಡ್ ಇದ್ದರೆ ಆಂಟಿವೈರಸ್ ಒಳಗೆ ಇಣುಕಲು ಆಗುವುದಿಲ್ಲ, ಅದಕ್ಕೇ ಹಾಕುವುದು. ಜೊತೆಗೆ ‘ಹಾಕುವ ಮೊದಲು ಆಂಟಿವೈರಸ್ ಆಫ್ ಮಾಡಿ’ ಅಂತ ಸೂಚನೆ. ಪಾಪ, ಹುಡುಗ ಹೇಳಿದ್ದನ್ನೆಲ್ಲ ಮಾಡಿದ್ದ. ನನ್ನ ಕೇಳಿದರೆ, ಆಂಟಿವೈರಸ್ ಆಫ್ ಮಾಡಿ ಅನ್ನುವ ಯಾವುದನ್ನೂ ಹಾಕಬೇಡ ಅನ್ನೋ ಒಂದು ಮಾತು ಮಕ್ಕಳಿಗೆ ಹತ್ತಿಸಿದರೆ ಅರ್ಧ ಕೆಲಸ ಆದಂತೆ.

ಸರ್ಚ್ ಪುಟ ಬದಲಾಗುವ ಕಾಟದ ದಾರಿಯೇ ಬೇರೆ. ಅದೊಂದು ಕ್ರೋಮ್ ಎಕ್ಸ್‌ಟೆನ್ಷನ್, ಅಂದರೆ ಬ್ರೌಸರಿಗೆ ಸೇರಿಸಿಕೊಳ್ಳುವ ಸಣ್ಣ ಪ್ರೋಗ್ರಾಂ. ಪಿಡಿಎಫ್ ಮಾಡಿಕೊಡುತ್ತೇನೆ ಅನ್ನುವ ಹೆಸರಲ್ಲಿ ಭಾವ ಹಾಕಿಕೊಂಡಿದ್ದರು. ಫಾರ್ಮ್ಯಾಟ್ ಆದ ಮೇಲೆ ಅವರು ಕ್ರೋಮ್‌ಗೆ ಲಾಗಿನ್ ಆಗಿ ಸಿಂಕ್ ಆನ್ ಮಾಡಿದ ತಕ್ಷಣ ಬುಕ್‌ಮಾರ್ಕುಗಳ ಜೊತೆ ಅದೂ ತಾನಾಗಿ ಬಂದು ಕೂತಿದೆ. ಕಂಪ್ಯೂಟರಿನಲ್ಲಿ ಎಷ್ಟು ತೊಳೆದರೂ ಗೂಗಲ್ ಖಾತೆಯಲ್ಲಿ ಅದು ಇದ್ದೇ ಇರುತ್ತದೆ. ಸಿಂಕ್ ಆನ್ ಇರುವಾಗಲೇ ಅದನ್ನು ತೆಗೆದರೆ ಖಾತೆಯಿಂದಲೂ ಹೋಗುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಬೇರೆ ಪ್ರೊಫೈಲ್ ಮಾಡಿ, ಭಾವನ ಖಾತೆ ಹಾಕಿ ತೆಗೆದುಹಾಕಿದೆ. ನೋಟಿಫಿಕೇಶನ್ನುಗಳು ಅಂತೂ ವೈರಸ್ಸೇ ಅಲ್ಲ. ಯಾವುದೋ ಸೈಟಿಗೆ ‘ಅಲೋ’ ಒತ್ತಿದ್ದರ ಫಲ. ಕ್ರೋಮಿನ ಸೈಟ್ ಸೆಟ್ಟಿಂಗ್ಸಿನಲ್ಲಿ ತೆಗೆದರೆ ಮುಗಿಯಿತು.

ಇಷ್ಟೆಲ್ಲ ಕಿತ್ತ ಮೇಲೂ ನಾನು ಆ ವಿಂಡೋಸನ್ನು ಇಟ್ಟುಕೊಳ್ಳಲಿಲ್ಲ. ಅಡ್ಮಿನ್ ಅಧಿಕಾರದಲ್ಲಿ ಓಡಿದ ಪ್ರೋಗ್ರಾಂ ಇನ್ನೇನು ಬಿಟ್ಟು ಹೋಗಿದೆಯೋ ಯಾರಿಗೆ ಗೊತ್ತು. ಬರೀ ಜಾಹೀರಾತಿನ ಕಾಟ ಆಗಿದ್ದರೆ ಕ್ಲೀನ್ ಮಾಡಿ ಬಿಡುತ್ತಿದ್ದೆ. ಪಾಸ್‌ವರ್ಡ್ ಕದ್ದ ಮೇಲೆ ಹೊಸದಾಗಿ ಹಾಕುವುದೇ ಸರಿ. ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಶನ್ ಟೂಲ್‌ನಿಂದ ನನ್ನ ಲ್ಯಾಪ್‌ಟಾಪಿನಲ್ಲೇ ಪೆನ್‌ಡ್ರೈವ್ ತಯಾರು ಮಾಡಿದೆ, 8 ಜಿಬಿ ಸಾಕು. ಡಿ ಡ್ರೈವಿನಿಂದ ಫೋಟೋ, ವರ್ಡ್ ಫೈಲು, ಪಿಡಿಎಫ್ ಮಾತ್ರ ಎತ್ತಿಕೊಂಡೆ. ಸೆಟಪ್, ಜಿಪ್, ಶಾರ್ಟ್‌ಕಟ್ ಒಂದನ್ನೂ ಮುಟ್ಟಲಿಲ್ಲ. ಎರಡೂ ಡ್ರೈವ್ ಅಳಿಸಿದೆ. ಅಂಗಡಿಯವರು ಹಾಕಿಕೊಟ್ಟಿದ್ದ ಕ್ರ್ಯಾಕ್ ಮಾಡಿದ ಆಫೀಸ್ ಮತ್ತೆ ಬೇಕು ಅಂತ ಭಾವ ಸ್ವಲ್ಪ ಹಟ ಮಾಡಿದರು. ಅದರ ಬದಲು ಪುಕ್ಕಟೆ ಸಿಗುವ ಲಿಬ್ರೆಆಫೀಸ್ ಹಾಕಿಕೊಟ್ಟೆ. ಕನ್ನಡ ಟೈಪಿಂಗಿಗೂ ಎಲ್ಲೆಲ್ಲಿಂದಲೋ ಏನೇನೋ ಇಳಿಸುವುದು ಬೇಡ ಅಂತ ವಿಂಡೋಸ್‌ನಲ್ಲೇ ಇರುವ ಕನ್ನಡ ಫೊನೆಟಿಕ್ ಕೀಬೋರ್ಡ್ ಆನ್ ಮಾಡಿದೆ.

ಆಮೇಲಿನ ವ್ಯವಸ್ಥೆ ಹೀಗಿದೆ. ಅಡ್ಮಿನ್ ಖಾತೆಯ ಪಾಸ್‌ವರ್ಡ್ ಅಕ್ಕನ ಹತ್ತಿರ. ಹುಡುಗನಿಗೊಂದು ಸ್ಟ್ಯಾಂಡರ್ಡ್ ಖಾತೆ, ಅಂದರೆ ಅಡ್ಮಿನ್ ಅಧಿಕಾರ ಇಲ್ಲದ್ದು. ಭಾವನ ಬ್ಯಾಂಕು, ಈಮೇಲ್ ಕೆಲಸಕ್ಕೆ ಇನ್ನೊಂದು ಸ್ಟ್ಯಾಂಡರ್ಡ್ ಖಾತೆ. ಸ್ಟ್ಯಾಂಡರ್ಡ್ ಖಾತೆ ಇದ್ದರೆ ಇನ್ಫೋಸ್ಟೀಲರ್ ಓಡುವುದೇ ಇಲ್ಲ ಅಂತಲ್ಲ. ಓಡುತ್ತದೆ, ಆ ಖಾತೆಯವರದ್ದನ್ನು ಕದಿಯುತ್ತದೆ. ಆದರೆ ಹುಡುಗನ ಖಾತೆಯಲ್ಲಿ ಓಡಿದ್ದು ಭಾವನ ಬ್ರೌಸರಿನ ಪಾಸ್‌ವರ್ಡಿಗೆ ಸುಲಭವಾಗಿ ಕೈ ಹಾಕಲಾರದು. ಡಿಫೆಂಡರ್‌ನ ಎಕ್ಸ್‌ಕ್ಲೂಶನ್ ಪಟ್ಟಿಗೂ ಅಡ್ಮಿನ್ ಪಾಸ್‌ವರ್ಡ್ ಇಲ್ಲದೆ ಏನೂ ಸೇರಿಸಲು ಬಾರದು. ಫೈಲಿನ ಹೆಸರಿನ ಕೊನೆಗೆ ಬರುವ .exe, .pdf ಥರದ ಎಕ್ಸ್‌ಟೆನ್ಷನ್ ಕಾಣುವ ಹಾಗೆ ಮಾಡಿದೆ. ಬೇಡದ ಆ್ಯಪುಗಳನ್ನು ತಡೆಯುವ ಆಯ್ಕೆಯನ್ನೂ ಡಿಫೆಂಡರ್‌ನಲ್ಲಿ ಆನ್ ಮಾಡಿದೆ. ಬ್ರೌಸರಿಗೆ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಲೈಟ್. ರೌಟರಿನ ಅಡ್ಮಿನ್ ಪಾಸ್‌ವರ್ಡ್ ಬಂದಾಗಿನದೇ ಇತ್ತು, ಬದಲಾಯಿಸಿದೆ. ಸೈಟುಗಳ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಸೆಟ್ಟಿಂಗ್ ಸರಿಯಾಗಿಯೇ ಇತ್ತು.

ಇನ್ನೊಂದನ್ನು ಮೂವರಿಗೂ ಕಂಪ್ಯೂಟರ್ ಮುಂದೆ ಕೂರಿಸಿ ತೋರಿಸಿದೆ. ‘ನೀವು ರೋಬೋ ಅಲ್ಲ ಅಂತ ಸಾಬೀತು ಮಾಡಿ’ ಅನ್ನುವ ಪುಟ ಬಂದು, ವಿಂಡೋಸ್ ಕೀ ಮತ್ತು ಆರ್ ಒತ್ತಿ, ಆಮೇಲೆ ಕಂಟ್ರೋಲ್ ವಿ, ಆಮೇಲೆ ಎಂಟರ್ ಅನ್ನುತ್ತದೆ. ನಿಜವಾದ ಕ್ಯಾಪ್ಚಾ ಯಾವತ್ತೂ ಹಾಗೆ ಕೇಳುವುದಿಲ್ಲ. ಪುಟ ಗೊತ್ತಾಗದ ಹಾಗೆ ಒಂದು ಆಜ್ಞೆಯನ್ನು ಕ್ಲಿಪ್‌ಬೋರ್ಡಿಗೆ ಹಾಕಿರುತ್ತದೆ, ಅದನ್ನು ನಮ್ಮ ಕೈಯಿಂದಲೇ ಓಡಿಸಿಕೊಳ್ಳುತ್ತದೆ. ಲುಮಾ ಹರಡಿದ ದಾರಿಗಳಲ್ಲಿ ಇದೂ ಒಂದು.

ಯಂತ್ರ ಹಳೆಯದು. ವಿಂಡೋಸ್ 11 ಕೇಳುವ ಪ್ರೊಸೆಸರ್ ಅದರಲ್ಲಿಲ್ಲ. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೇ ನಿಂತಿದೆ. ಸದ್ಯಕ್ಕೆ ಹೆಚ್ಚುವರಿ ಸೆಕ್ಯೂರಿಟಿ ಅಪ್‌ಡೇಟ್ ಯೋಜನೆಗೆ ಸೇರಿಸಿದ್ದೇನೆ. ಆಮೇಲೆ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಹಾಕೋಣ ಅಂದೆ. ಭಾವ ಒಪ್ಪಿದ್ದಾರೆ. ಹುಡುಗ ತನ್ನ ಗೇಮ್ ಅದರಲ್ಲಿ ಓಡುತ್ತಾ ಅಂತ ಆಗಲೇ ಹುಡುಕಲು ಕೂತಿದ್ದಾನೆ.