ಘಾಟಿಯಲ್ಲಿ ಮಾತ್ರ ಗಟ್ಟಿಯಾಗುತ್ತಿದ್ದ ಬ್ರೇಕ್ ಪೆಡಲ್

ಗಾಳಿಯ ಎಳೆತ ಅಳೆಯುವ ಎರಡು ವ್ಯಾಕ್ಯೂಮ್ ಗೇಜುಗಳನ್ನು ಡ್ಯಾಶ್‌ಬೋರ್ಡಿಗೆ ಕಟ್ಟಿಕೊಂಡು ಆಗುಂಬೆ ಘಾಟಿ ಇಳಿದು ಬ್ರೇಕ್ ಬೂಸ್ಟರಿನ ದೋಷ ಹುಡುಕುತ್ತೇನೆಂದು ಹೇಳಿದಾಗ, ತೀರ್ಥಹಳ್ಳಿಯ ನಮ್ಮ ಮೆಕ್ಯಾನಿಕ್ ಬಳಗದಲ್ಲಿ ನಗದೆ ಉಳಿದವರು ಕಡಿಮೆ. ಮೀಟರು ನೋಡುವುದರಿಂದ ಬ್ರೇಕು ಹಿಡಿಯುತ್ತದೆಯೇ ಎಂದು ಕೇಳಿದವರೇ ಈಗ ಆ ಗೇಜುಗಳನ್ನು ಎರವಲು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ವಿವರಿಸುವುದಕ್ಕಿಂತ ಬರೆದುಬಿಡುವುದು ಸುಲಭವೆನಿಸಿತು. ಬೂಸ್ಟರ್ ಎಂದರೆ ಎಂಜಿನ್ನಿನ ಗಾಳಿಯ ಎಳೆತವನ್ನು ಬಳಸಿ, ಪೆಡಲ್ ಒತ್ತುವ ಕಾಲಿಗೆ ನೆರವಾಗುವ ಭಾಗ. ಆ ಎಳೆತ ಅದಕ್ಕೆ ತಲುಪುವುದು ಒಂದು ಹೋಸಿನ ಮೂಲಕ.

ಕಾರು 1990ರ ದಶಕದ ಕೊನೆಯ ಪೆಟ್ರೋಲ್ ಸೆಡಾನ್. ಮಾಲೀಕರು ಅಡಿಕೆ ಬೆಳೆಗಾರರು. ಮಗಳ ಮನೆಗೆಂದು ಆಗಾಗ ಉಡುಪಿಗೆ ಹೋಗಿ ಬರುವವರು. "ಎಂತ ಮಾರಾಯ್ರೆ, ಘಾಟಿಯಲ್ಲಿ ಒಂದೊಂದು ಸಲ ಪೆಡಲ್ ಕಲ್ಲಾಗ್ತದೆ, ಗ್ಯಾರೇಜಿಗೆ ತಂದ್ರೆ ಎಂತದೂ ಇಲ್ಲ" ಎಂಬುದು ಅವರ ದೂರು. ನನ್ನಲ್ಲಿಗೆ ಬರುವ ಮೊದಲೇ ಬೇರೆ ಬೇರೆ ಕಡೆ ಮಾಸ್ಟರ್ ಸಿಲಿಂಡರ್ ಹೊಸದಾಗಿತ್ತು, ಮುಂದಿನ ಪ್ಯಾಡುಗಳು ಬದಲಾಗಿದ್ದವು, ಗುಜರಿಯಿಂದ ತಂದ ಬೂಸ್ಟರ್ ಕೂತಿತ್ತು, ಅದೂ ಸರಿಯಿಲ್ಲವೆಂದು ಇನ್ನೊಂದು ಬೂಸ್ಟರ್ ಬಂದಿತ್ತು. ಕೂಲಿ ಸೇರಿ ಹನ್ನೆರಡು ಸಾವಿರದ ಆಸುಪಾಸು ಹೋಗಿದ್ದರೂ ದೋಷ ಮಾತ್ರ ಇದ್ದಲ್ಲೇ ಇತ್ತು.

ಎಲ್ಲರೂ ಮಾಡುವ ಪರೀಕ್ಷೆಗಳನ್ನು ನಾನೂ ಮಾಡಿದೆ. ಎಂಜಿನ್ ನಿಲ್ಲಿಸಿ ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ, ಕಾಲು ಇಟ್ಟುಕೊಂಡೇ ಸ್ಟಾರ್ಟ್ ಮಾಡಿದರೆ ಪೆಡಲ್ ಸರಿಯಾಗಿ ಕೆಳಗಿಳಿಯುತ್ತಿತ್ತು. ಎಂಜಿನ್ ಆಫ್ ಮಾಡಿ ಅರ್ಧ ಗಂಟೆ ಬಿಟ್ಟು ಬಂದರೂ ಎರಡು ಮೂರು ಮೃದುವಾದ ಒತ್ತುಗಳು ಸಿಗುತ್ತಿದ್ದವು. ಬುಸ್ಸೆನ್ನುವ ಸದ್ದಿಲ್ಲ, ಪೆಡಲ್ ಒತ್ತಿದಾಗ ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಎಂಜಿನ್ ಓಡುವುದು) ಏರುಪೇರಾಗುವುದಿಲ್ಲ. ಎಂದರೆ ಬೂಸ್ಟರಿನ ಒಳಗಿನ ರಬ್ಬರ್ ಪರದೆಯಾದ ಡಯಾಫ್ರಾಮೂ ಸರಿಯಿದೆ, ಸೀಲುಗಳೂ ಸರಿಯಿವೆ. ಇಷ್ಟು ನೋಡಿದ ಮೇಲೆ ಮೂರನೆಯ ಬೂಸ್ಟರ್ ಹಾಕುವುದು ಹಣ ಸುಡುವ ಕೆಲಸವೇ ಸರಿ.

ಮೊದಲಿಗೆ ಒಂದೇ ಗೇಜನ್ನು ಮ್ಯಾನಿಫೋಲ್ಡಿನ (ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಯ) ಕಡೆಗೆ ಜೋಡಿಸಿ ಊರಲ್ಲಿ ಓಡಿಸಿದೆ. ಐಡ್ಲಿಂಗಿನಲ್ಲಿ ಹದಿನೇಳೂವರೆ ಇಂಚು (ಪಾದರಸದ ಇಂಚು, ಎಳೆತದ ಅಳತೆ) ತೋರಿಸುತ್ತಿತ್ತು. ಸಮುದ್ರಮಟ್ಟದ ಲೆಕ್ಕ ಓದಿಕೊಂಡವರು ಇದು ಕಡಿಮೆಯೆಂದು ಎಂಜಿನ್ನಿನ ಟ್ಯಾಪೆಟ್, ಟೈಮಿಂಗ್ ಹೊಂದಾಣಿಕೆಗೆ ಕೈ ಹಾಕುತ್ತಾರೆ. ತೀರ್ಥಹಳ್ಳಿ ಸುಮಾರು ಆರುನೂರು ಮೀಟರ್ (ಎರಡು ಸಾವಿರ ಅಡಿ) ಎತ್ತರದಲ್ಲಿದೆ, ಸಾವಿರ ಅಡಿಗೆ ಹೆಚ್ಚುಕಡಿಮೆ ಒಂದು ಇಂಚು ಇಳಿಯುತ್ತದೆ. ಆಮೇಲೊಮ್ಮೆ ಅದೇ ಕಾರನ್ನು ಸಮುದ್ರತೀರದ ಮಲ್ಪೆಯಲ್ಲಿ ನಿಲ್ಲಿಸಿ ನೋಡಿದಾಗ ಏನನ್ನೂ ಮುಟ್ಟದೆಯೇ ಹತ್ತೊಂಬತ್ತೂವರೆಯ ಹತ್ತಿರ ಬಂದಿತ್ತು. ಎ.ಸಿ. ಹಾಕಿದರೆ ಐಡ್ಲಿಂಗಿನಲ್ಲಿ ಮೂರು ಇಂಚಿನಷ್ಟು ಬೀಳುತ್ತಿದ್ದುದು ನಿಜ. ಆದರೆ ಮಾಲೀಕರು ಘಾಟಿಯಲ್ಲಿ ಎ.ಸಿ. ಹಾಕುವವರೇ ಅಲ್ಲ. ಒಂದು ಗೇಜಿನಿಂದ ಎಂಜಿನ್ ಸರಿಯಾಗಿದೆಯೆಂದು ಗೊತ್ತಾಯಿತೇ ಹೊರತು ಬೂಸ್ಟರಿಗೆ ಏನು ತಲುಪುತ್ತಿದೆಯೆಂಬುದು ತಿಳಿಯಲಿಲ್ಲ.

ಹೀಗಾಗಿ ಎರಡನೆಯ ಗೇಜು ತಂದೆ. ಗೇಜು ಸೇರಿಸಲು ಒಂದು ಟೀ ಜಾಯಿಂಟ್ (ಮೂರು ಬಾಯಿಯ ಕೊಳವೆ) ಮ್ಯಾನಿಫೋಲ್ಡಿನ ಬುಡದಲ್ಲಿ, ಇನ್ನೊಂದು ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ನಾನ್-ರಿಟರ್ನ್ ವಾಲ್ವಿಗೂ ಬೂಸ್ಟರಿಗೂ ನಡುವೆ. ಈ ಕಾರಿನಲ್ಲಿ ವಾಲ್ವ್ ಹೋಸಿನ ಮಧ್ಯದಲ್ಲಿದ್ದುದರಿಂದ ಕೆಲಸ ಸುಲಭವಾಯಿತು. ವಾಲ್ವ್ ಬೂಸ್ಟರಿನ ಮೈಗೇ ಕೂರುವ ಕಾರುಗಳಲ್ಲಿ ನಾನು ಬೇರೊಂದು ಉಪಾಯ ಮಾಡುತ್ತೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಸಣ್ಣ ಕೊಳವೆಗಳನ್ನು ಒಳಗೆ ತರುವಾಗ ಅವು ಬಿಸಿ ಎಂಜಿನ್ನಿಗೆ ತಾಗದಂತೆಯೂ ಎಲ್ಲಿಯೂ ಮಡಚದಂತೆಯೂ ನೋಡಿಕೊಳ್ಳಬೇಕು, ಇಲ್ಲವಾದರೆ ಗೇಜೇ ಸುಳ್ಳು ಹೇಳುತ್ತದೆ.

ಘಾಟಿಗೆ ಹೊರಟದ್ದು ವಾಹನ ಸಂಚಾರ ಕಡಿಮೆಯಿರುವ ಬೆಳಗಿನ ಹೊತ್ತಿನಲ್ಲಿ, ಹ್ಯಾಂಡ್‌ಬ್ರೇಕ್ ಸರಿಯಾಗಿ ಹಿಡಿಯುವಂತೆ ಮೊದಲೇ ಹೊಂದಿಸಿಕೊಂಡು, ಗೇಜು ಓದಲು ಸಹಾಯಕನನ್ನು ಪಕ್ಕದಲ್ಲಿ ಕೂರಿಸಿಕೊಂಡು. ಬೂಸ್ಟರ್ ಇಲ್ಲದಿದ್ದರೂ ಬ್ರೇಕ್ ಹಿಡಿಯುತ್ತದೆ, ಕಾಲಿನ ಬಲ ಮಾತ್ರ ಹಲವು ಪಟ್ಟು ಬೇಕಾಗುತ್ತದೆ. ಅದಕ್ಕೆ ಸಿದ್ಧರಿಲ್ಲದವರು ಈ ಪರೀಕ್ಷೆಗೆ ಇಳಿಯಬಾರದು. ಮೊದಲ ತಿರುವುಗಳಲ್ಲಿ ಏನೂ ಆಗಲಿಲ್ಲ. ಎಂಜಿನ್ ಚೆನ್ನಾಗಿ ಕಾದ ಮೇಲೆ, ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿಯುತ್ತಿರುವಾಗ, ಮ್ಯಾನಿಫೋಲ್ಡಿನ ಮುಳ್ಳು ಇಪ್ಪತ್ತೆರಡರ ಹತ್ತಿರ ನಿಂತಿದ್ದರೂ ಬೂಸ್ಟರಿನ ಮುಳ್ಳು ಮೊದಲ ಒತ್ತಿಗೆ ಹದಿನೈದಕ್ಕೆ, ಮುಂದಿನದಕ್ಕೆ ಹತ್ತಕ್ಕೆ ಇಳಿದು, ಮತ್ತೆ ಮೇಲೇಳಲೇ ಇಲ್ಲ. ಮೂರನೆಯ ಒತ್ತಿಗೆ ಪೆಡಲ್ ಗಟ್ಟಿ. ಆಕ್ಸಿಲರೇಟರನ್ನು ಸ್ವಲ್ಪ ಒತ್ತಿ ಬಿಟ್ಟಾಗ ಬೂಸ್ಟರಿನ ಮುಳ್ಳು ತಾನಾಗಿ ಏರತೊಡಗಿತು. ಬದಿಗೆ ನಿಲ್ಲಿಸಿ ಬಾನೆಟ್ ಎತ್ತುವಷ್ಟರಲ್ಲಿ ಎರಡೂ ಮುಳ್ಳುಗಳು ಸಮಕ್ಕೆ ಬಂದಿದ್ದವು. ನಿಂತ ಕಾರಿನಲ್ಲಿ ಯಾರ ಕೈಗೂ ದೋಷ ಸಿಗದಿದ್ದುದಕ್ಕೆ ಕಾರಣ ಇಷ್ಟೇ: ಅದು ಕಾಣಿಸಿಕೊಳ್ಳುವುದಕ್ಕೆ ಬಿಸಿಯೂ ಬೇಕು, ಐಡ್ಲಿಂಗಿನಲ್ಲಿ ಎಂದೂ ಹುಟ್ಟದ ಇಪ್ಪತ್ತು ಇಂಚಿಗೂ ಮೀರಿದ ಎಳೆತವೂ ಬೇಕು.

ಉಳಿದದ್ದು ವಾಲ್ವೋ ಹೋಸೋ ಎಂಬ ಪ್ರಶ್ನೆ. ಎರಡನೆಯ ಟೀಯನ್ನು ವಾಲ್ವಿನಿಂದ ಎಂಜಿನ್ ಕಡೆಗೆ, ಹೋಸು ವಾಲ್ವಿಗೆ ಸೇರುವ ಕೊನೆಗೆ ಬದಲಾಯಿಸಿ ಮತ್ತೆ ಇಳಿದೆ. ಅಲ್ಲಿಯೂ ಮುಳ್ಳು ಬಿದ್ದಿತು. ಎಂದರೆ ವಾಲ್ವನ್ನು ತಲುಪುವ ಮೊದಲೇ, ಹೋಸಿನಲ್ಲೇ ಎಳೆತ ತಡೆಯುತ್ತಿತ್ತು. ವಾಲ್ವ್ ನಿರಪರಾಧಿ.

ಹೊರಗಿನಿಂದ ನೋಡಿದರೆ ಆ ಹೋಸಿನಲ್ಲಿ ಒಂದು ಬಿರುಕೂ ಇರಲಿಲ್ಲ. ಬಾಯಿಂದ ಊದಿದರೆ ಗಾಳಿ ಸರಾಗವಾಗಿ ಹೋಗುತ್ತಿತ್ತು, ಏಕೆಂದರೆ ಊದಿದಾಗ ಒಳಪದರ ಗೋಡೆಗೆ ಒತ್ತಿಕೊಳ್ಳುತ್ತದೆ. ಕುತೂಹಲಕ್ಕೆಂದು ಅದರ ಒಂದು ತುದಿಗೆ ಕೈಪಂಪನ್ನೂ ಇನ್ನೊಂದು ತುದಿಗೆ ಗೇಜು ಹಾಕಿದ ಖಾಲಿ ಡಬ್ಬಿಯನ್ನೂ ಜೋಡಿಸಿ ಎಳೆದೆ. ತಣ್ಣಗಿರುವಾಗ ಡಬ್ಬಿಯ ಗೇಜು ಪಂಪಿನ ಜೊತೆಗೇ ಏರಿತು. ಹೋಸನ್ನು ಕುದಿಯುವುದಕ್ಕೆ ಸ್ವಲ್ಪ ಮೊದಲಿನ ಬಿಸಿನೀರಿನಲ್ಲಿ ಮುಳುಗಿಸಿ ಎಳೆದಾಗ ಪಂಪಿನ ಮುಳ್ಳು ಒಮ್ಮೆಲೇ ಏರಿತು, ಡಬ್ಬಿಯದು ಅರ್ಧದಲ್ಲೇ ನಿಂತಿತು. ಉದ್ದಕ್ಕೆ ಸೀಳಿದಾಗ, ಎಣ್ಣೆಯ ಆವಿಗೆ ಮೆತ್ತಗಾದ ಒಳಪದರ ನೂಲಿನ ಹೆಣಿಗೆಯಿಂದ ಬಿಟ್ಟು, ಒಂದು ಕಡೆ ನಾಲಿಗೆಯಂತೆ ಎದ್ದಿತ್ತು. ಬಿಸಿಯಲ್ಲಿ ಜೋರಾಗಿ ಎಳೆದಾಗ ದಾರಿ ಮುಚ್ಚುತ್ತಿದ್ದುದು ಅದೇ. ಯಾರೋ ಹಿಂದೆ ಹೀಟರಿಗೆ ಬಳಸುವ ಸಾಮಾನ್ಯ ಹೋಸನ್ನು ಕತ್ತರಿಸಿ ಹಾಕಿದ್ದರು. ನೀರು ಒಳಗಿನಿಂದ ಹೊರಕ್ಕೆ ಒತ್ತುವುದನ್ನು ತಡೆದುಕೊಳ್ಳುವುದಕ್ಕೆ ಮಾಡಿದ ಹೋಸು ಒಳಕ್ಕೆ ಎಳೆಯುವ ಕೆಲಸಕ್ಕೆ ಬರುವುದಿಲ್ಲ.

ಬ್ರೇಕ್ ವ್ಯಾಕ್ಯೂಮಿಗೆಂದೇ ಬರುವ ಗಟ್ಟಿ ಗೋಡೆಯ ಹೋಸು ಶಿವಮೊಗ್ಗದಲ್ಲಿ ನಾನೂರು ರೂಪಾಯಿಗೆ ಸಿಕ್ಕಿತು. ಅಂಗಡಿಯವರು ಮೊದಲು ಪೆಟ್ರೋಲ್ ಪೈಪನ್ನೇ ಕೊಟ್ಟು ಎರಡೂ ಒಂದೇ ಎಂದಿದ್ದರು. ಬೆರಳಲ್ಲಿ ಹಿಡಿದರೆ ನನಗೆ ವ್ಯತ್ಯಾಸ ತಿಳಿಯುತ್ತದೆ, ಹೇಗೆಂಬುದು ಅಂಗಡಿಯಲ್ಲಿ ಜೊತೆಗೆ ನಿಂತವರಿಗೆ ಮಾತ್ರ. ಹಳೆಯದಾಗಿತ್ತೆಂದು ವಾಲ್ವನ್ನೂ ಬದಲಾಯಿಸಿದೆ, ಅದಕ್ಕೆ ಇನ್ನೂರೈವತ್ತರ ಸುಮಾರು. ಕ್ಲ್ಯಾಂಪು, ನನ್ನ ಕೂಲಿ, ಘಾಟಿಗೆ ಸುಟ್ಟ ಪೆಟ್ರೋಲು ಎಲ್ಲ ಸೇರಿ ಎರಡೂವರೆ ಸಾವಿರ ದಾಟಲಿಲ್ಲ. ಹೊಸ ಹೋಸಿನೊಂದಿಗೆ ಅದೇ ತಿರುವುಗಳಲ್ಲಿ ಇಳಿದಾಗ, ಪ್ರತಿ ಒತ್ತಿನ ನಂತರ ಕ್ಷಣಾರ್ಧದಲ್ಲಿ ಬೂಸ್ಟರಿನ ಮುಳ್ಳು ಇಪ್ಪತ್ತರ ಮೇಲಕ್ಕೆ ಮರಳುತ್ತಿತ್ತು. ಒಂದು ಮಳೆಗಾಲ ಕಳೆದ ಮೇಲೂ ದೂರು ಬಂದಿಲ್ಲ.

ಗೇಜುಗಳು ತಲಾ ಏಳುನೂರು ರೂಪಾಯಿಯವು. ಎರವಲು ಒಯ್ದವರೊಬ್ಬರು ಮುಳ್ಳು ಬಗ್ಗಿಸಿ ತಂದುಕೊಟ್ಟ ಮೇಲೆ ಸಾವಿರ ರೂಪಾಯಿ ಠೇವಣಿ ಇಟ್ಟವರಿಗಷ್ಟೇ ಕೊಡುತ್ತಿದ್ದೇನೆ. ಟೀ ಜಾಯಿಂಟುಗಳನ್ನು ಅವರವರೇ ತಂದುಕೊಳ್ಳಬೇಕು.